ಬೋರಲು ಮಲಗಿದ ಕಲ್ಲು

ಸುರಂಗದ ಕ್ಯಾಂಪು, ಮಾರ್ಚ್ ೩

ಮೇಷ್ಟ್ರಿಗೆ ನಮಸ್ಕಾರ.

ನಾನು ನಿಮ್ಮ ಸುತ್ತಿಗೆ. ಕಾಲೇಜಿನ ಮೊದಲ ಪ್ರವಾಸದಲ್ಲೇ ಸುತ್ತಿಗೆ ಕಳೆದುಕೊಂಡು ನಿಮ್ಮಿಂದ ಈ ಹೆಸರು ಪಡೆದವಳು. ನಾಲ್ಕು ವರ್ಷದಿಂದ ಒಂದು ಸಾಲೂ ಬರೆದಿಲ್ಲ. ಈಗ ಬರೆಯುತ್ತಿರುವುದೂ ನನ್ನ ಕೆಲಸಕ್ಕಾಗಿಯೇ. ಫೋನು ಮಾಡಬಹುದಿತ್ತು. ಆದರೆ ನಿಮಗೆ ಕೇಳಿಸುವುದಿಲ್ಲ, ಅಮ್ಮಾವ್ರು ನಡುವೆ ನಿಂತು ಕಲ್ಲುಗಳ ಹೆಸರನ್ನು ನಿಮ್ಮ ಕಿವಿಗೆ ಕೂಗಬೇಕು. ಅದಕ್ಕಿಂತ ಕಾಗದವೇ ವಾಸಿ.

ನಾನೀಗ ನಿಮ್ಮ ಬೆಟ್ಟದ ಹೊಟ್ಟೆಯೊಳಗಿದ್ದೇನೆ. ಇಲ್ಲಿ ಕೊರೆಯುತ್ತಿರುವ ರೈಲು ಸುರಂಗಕ್ಕೆ ಭೂವಿಜ್ಞಾನಿಯಾಗಿ ಬಂದು ಇಪ್ಪತ್ತು ದಿನವಾಯಿತು. ಹಿಂದೆ ಇದ್ದವರು ಕೆಲಸ ಬಿಟ್ಟು ಹೋದರು. ದಿನಕ್ಕೆ ಹನ್ನೆರಡು ಗಂಟೆ ಒಳಗೆ. ಕ್ಯಾಂಪಿನ ತಗಡಿನ ಕೋಣೆಗೆ ಬಂದರೆ ನಿನ್ನೆಯ ಕಾಲುಚೀಲ ಇನ್ನೂ ಒದ್ದೆ. ಚೀಫ್ ಎಂಜಿನಿಯರ್ ಕೋಣೆಯಲ್ಲಿ ನಲವತ್ತೊಂದು ವರ್ಷದ ಹಿಂದೆ ನೀವು ಬರೆದ ಬೆಟ್ಟದ ಅಡ್ಡಕೊಯ್ತದ ನಕ್ಷೆಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದನ್ನು ನೋಡಿಯೇ ಸುರಂಗದ ದಾರಿ ಗೊತ್ತುಮಾಡಿದ್ದು.

ವಿಷಯ ಇಷ್ಟು. ನಿಮ್ಮ ನಕ್ಷೆಯಂತೆ ಮೊದಲು ಸುಣ್ಣಕಲ್ಲು ಬಂತು, ಅದರ ಬಿರುಕುಗಳಿಂದ ಬೇಕಾದಷ್ಟು ನೀರು ಬಂತು, ಹೇಗೋ ದಾಟಿದರು. ಆಮೇಲೆ ತೆಳ್ಳಗೆ ಕರಿ ಜೇಡಿಕಲ್ಲು. ಆಮೇಲೆ ಮರಳುಗಲ್ಲು. ಕೊನೆಯವರೆಗೂ ಅದೇ ಗಟ್ಟಿ ಮರಳುಗಲ್ಲು ಎಂದು ನೀವು ಬರೆದಿದ್ದೀರಿ. ಇವತ್ತು ಸಾವಿರದ ಮುನ್ನೂರ ಹನ್ನೆರಡನೇ ಮೀಟರಿನಲ್ಲಿ ಕಲ್ಲಿನ ಮುಖ ತೊಳೆಸಿ ಭೂತಗನ್ನಡಿ ಹಿಡಿದೆ. ಕಾಳು ತಲೆಕೆಳಗಾಗಿದೆ, ಮೇಷ್ಟ್ರೇ. ಕದಡಿದ ನೀರು ತಂಗುವಾಗ ದಪ್ಪ ಮರಳು ತಳಕ್ಕೆ, ನುಣ್ಣನೆಯದು ಮೇಲಕ್ಕೆ ಎಂದು ಗಾಜಿನ ಜಾಡಿ ಕುಲುಕಿ ತೋರಿಸಿದವರು ನೀವು. ಇಲ್ಲಿ ಪ್ರತಿ ಪದರದಲ್ಲೂ ದಪ್ಪ ಕಾಳು ಮೇಲಿದೆ. ಅಂಗಾತ ಇರಬೇಕಾದ ಪದರ ಬೋರಲು ಮಲಗಿದೆ.

ಬೋರಲು ಎಂದರೆ ಮಡಿಕೆ. ಮಡಿಕೆ ಎಂದರೆ ನಾವು ದಾಟಿ ಬಂದದ್ದೇ ಮತ್ತೆ ಎದುರಾಗುತ್ತದೆ: ಮರಳುಗಲ್ಲು, ಕರಿ ಜೇಡಿಕಲ್ಲು, ಅದರ ಹಿಂದೆ ಆ ನೀರು ತುಂಬಿದ ಸುಣ್ಣಕಲ್ಲು. ಈ ಸಲ ನಮ್ಮ ತಲೆಯ ಮೇಲೆ ಅರ್ಧ ಬೆಟ್ಟದಷ್ಟು ನೀರು ನಿಂತಿರುತ್ತದೆ. ಎಷ್ಟು ಮೀಟರ್ ಮುಂದೆ ಎಂಬುದೇ ತಿಳಿಯದು. ಹಿಂದಿನ ಗೋಡೆಗಳಿಗೆಲ್ಲ ಸಿಮೆಂಟ್ ಬಳಿದು ಮುಚ್ಚಿದ್ದಾರೆ. ಮಡಿಕೆಯ ತಿರುವು ಬಯಲಿಗೆ ಕಾಣಿಸುವುದಾದರೆ ಅದು ಬೆಟ್ಟದ ಹೆಗಲಿನ ಮೇಲೆ ಮಾತ್ರ. ಅಲ್ಲಿ ಜೂನ್‌ವರೆಗೆ ಹಿಮ.

ನೀವು ಆ ಹೆಗಲಿನ ಮೇಲೆ ಮೂರು ಕಡೆ ಪದರ ಎಷ್ಟು ವಾಲಿದೆ ಎಂದು ಅಳೆದಿದ್ದೀರಿ: ಮೂವತ್ತೆಂಟು, ನಲವತ್ತು, ಮೂವತ್ತೆಂಟು ಡಿಗ್ರಿ. ಪಕ್ಕದಲ್ಲಿ 'ಪದರ ಅಂಗಾತ' ಎಂಬ ಗುರುತು. ಯಾವುದನ್ನು ನೋಡಿ ಹಾಗೆ ಬರೆದಿರಿ? ಕಾಳು ನೋಡಿಯೋ, ಮರಳಿನ ಮೇಲೆ ಉಳಿದ ಅಲೆಯ ಗುರುತು ನೋಡಿಯೋ? ದಯವಿಟ್ಟು ಅವತ್ತಿನ ನೋಟ್‌ಬುಕ್ಕಿನ ಪುಟ ನಕಲು ಮಾಡಿಸಿ ಕಳಿಸಿ.

ಎರಡನೇ ವರ್ಷ ನಾನು ಒಂದೇ ಒಂದು ಅಳತೆ ಕೂತಲ್ಲೇ ಊಹಿಸಿ ಬರೆದಾಗ ಎಲ್ಲರೆದುರು ಆ ಪುಟ ಹರಿದು ಹಾಕಿದಿರಿ, ನನ್ನ ಒಂದು ವರ್ಷವೇ ಹೋಯಿತು. ಅವತ್ತು ಅತ್ತೆ. ಈಗ ಅದಕ್ಕೆ ನಿಮಗೆ ಋಣಿ. ನಿಮ್ಮ ನೋಟ್‌ಬುಕ್ಕಿನ ಮೇಲೆ ನನಗೆ ಇಷ್ಟು ಭರವಸೆ ಇರುವುದು ಆ ಹರಿದ ಪುಟದಿಂದಲೇ.

ಸುತ್ತಿಗೆ


ಮನೆಯಿಂದ, ಮಾರ್ಚ್ ೧೨

ಸುತ್ತಿಗೆಗೆ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಸಂತೋಷ.

ನಾವು ಹೇಗಿದ್ದೇವೆಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೂರನೇ ಮಹಡಿಯ ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲುತ್ತೇನೆ. ನಮ್ಮವಳು ಸ್ನಾನದ ಮನೆಯಲ್ಲಿಟ್ಟ ಕಲ್ಲುಗಳನ್ನು ಬಿಸಾಡುವುದಾಗಿ ತಿಂಗಳಿಗೊಮ್ಮೆ ಬೆದರಿಸುತ್ತಾಳೆ. ಕಿವಿ ಪೂರ್ತಿ ಹೋದದ್ದರಿಂದ ಆ ಬೆದರಿಕೆಯನ್ನು ಅವಳ ತುಟಿ ನೋಡಿ ತಿಳಿದುಕೊಳ್ಳುತ್ತೇನೆ.

ನಿನ್ನ ಕಲ್ಲಿನ ವಿಷಯ. ದೊಡ್ಡ ಪದರಗಳ ನಡುವೆ ಸಣ್ಣಪುಟ್ಟ ಸುಕ್ಕು ಇದ್ದೇ ಇರುತ್ತದೆ. ಒಂದು ಕಡೆ ನಾಲ್ಕು ಪದರ ಬೋರಲು ಬಿದ್ದರೆ ಇಡೀ ಬೆಟ್ಟ ಮಗುಚಿದೆ ಎಂದರ್ಥವಲ್ಲ. ಎದುರಿನ ಕಣಿವೆಯಿಂದ ನೋಡಿದರೆ ಆ ಪದರಗಳೆಲ್ಲ ಒಂದೇ ದಿಕ್ಕಿಗೆ ವಾಲಿ, ಒತ್ತಾಗಿ ಜೋಡಿಸಿದ ಪುಸ್ತಕಗಳ ಹಾಗೆ ಕಾಣುತ್ತವೆ. ಹತ್ತು ಮೀಟರ್ ಹೋಗು, ಸರಿಯಾಗುತ್ತದೆ.

ನೋಟ್‌ಬುಕ್ಕುಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿವೆ. ಏಣಿ ಹತ್ತಲು ನಮ್ಮವಳು ಬಿಡುವುದಿಲ್ಲ.

ಆ ಹರಿದ ಪುಟದ ಮಾತು ಈಗ ಎತ್ತುವ ಅಗತ್ಯವಿರಲಿಲ್ಲ. ನೀನು ಯಾಕೆ ಎತ್ತಿದೆ ಎಂಬುದು ತಿಳಿಯದಷ್ಟು ಮುದುಕನಾಗಿಲ್ಲ ನಾನು.

ನಿನ್ನ ಮೇಷ್ಟ್ರು


ಕ್ಯಾಂಪು, ಮಾರ್ಚ್ ೨೧

ಮೇಷ್ಟ್ರೇ,

ನಿಮ್ಮ ಕಾಗದದ ಕೊನೆಯ ಸಾಲು ಮೂರು ಸಲ ಓದಿದೆ, ಅರ್ಥವಾಗಲಿಲ್ಲ. ನಿಮ್ಮ ಕಣ್ಣನ್ನೇ ಅನುಮಾನಿಸಿದೆ ಎಂದು ಬೇಜಾರಾಗಿರಬೇಕು. ಖಂಡಿತ ಹಾಗಲ್ಲ. ಕ್ಷಮಿಸಿ.

ಆದರೆ ಹತ್ತು ಮೀಟರ್ ಹೋಗಿ ನೋಡಿ ಎಂದಿರಿ. ಇಪ್ಪತ್ತೆಂಟು ಮೀಟರ್ ಹೋಗಿದ್ದೇವೆ. ಒಂದೊಂದು ಪದರವೂ ಬೋರಲು.

ಇಲ್ಲಿ ಕೊರೆಯುವ ಯಂತ್ರದ ಮೇಸ್ತ್ರಿಯನ್ನು ಎಲ್ಲರೂ 'ಮಾವ' ಎನ್ನುತ್ತಾರೆ. ಮೂವತ್ತು ವರ್ಷ ಸುರಂಗದಲ್ಲೇ ಕಳೆದವನು, ದಿನವಿಡೀ ಗೊಣಗುತ್ತಾನೆ. ನಿನ್ನೆ ಪಾಳಿ ಮುಗಿದ ಮೇಲೆ ಕೇಳಿದ:

"ಅಲ್ಲಮ್ಮ, ಕಲ್ಲು ಎಲ್ಲಾದ್ರೂ ಮಡಚುತ್ತಾ? ಬಗ್ಗಿಸಿದ್ರೆ ಪಟ್ ಅಂತ ಮುರಿಯಲ್ವಾ?"

"ಅವಸರ ಮಾಡಿದ್ರೆ ಮುರಿಯುತ್ತೆ ಮಾವ. ಇದು ಸಮುದ್ರದ ತಳದಲ್ಲಿ ಚಾಪೆ ಹಾಸಿದ ಹಾಗೆ ಬಿದ್ದಿದ್ದ ಕೆಸರು, ಮರಳು. ಕಲ್ಲಾಯ್ತು. ಆಮೇಲೆ ಎರಡು ಕಡೆಯಿಂದ ನೆಲಾನೇ ಎದುರುಬದುರಾಗಿ ಬಂದು ಒತ್ತೋಕೆ ಶುರುವಾಯ್ತು. ವರ್ಷಕ್ಕೆ ನಮ್ಮ ಉಗುರು ಬೆಳೆಯುತ್ತಲ್ಲ, ಅಷ್ಟು. ಕೋಟ್ಯಂತರ ವರ್ಷ. ಆಳದಲ್ಲಿ ಕಾವು ಬೇರೆ, ಮೇಲಿಂದ ಕಿಲೋಮೀಟರ್‌ಗಟ್ಟಲೆ ಕಲ್ಲಿನ ಭಾರ ಬೇರೆ. ಬಿರುಕು ಬಿಡೋಕೂ ಜಾಗ ಇಲ್ಲ. ಬಾಗದೆ ಇನ್ನೇನು ಮಾಡುತ್ತೆ?"

ಅವನ ಮಂಚದ ಮೇಲಿನ ಕಂಬಳಿಯನ್ನು ಎರಡೂ ಕೈಯಿಂದ ಒತ್ತಿ ತೋರಿಸಿದೆ. ಮೊದಲು ನಡುವೆ ಎದ್ದಿತು, ಪಕ್ಕದಲ್ಲಿ ತಗ್ಗಾಯಿತು. ಇನ್ನೂ ಒತ್ತಿದೆ. ಎದ್ದದ್ದು ವಾಲಿ ಪಕ್ಕದ್ದರ ಮೇಲೆ ಮಲಗಿತು. ಕಂಬಳಿಗೆ ಒಂದು ಮೈಯಲ್ಲಿ ಪಟ್ಟೆ ಇತ್ತು. "ಈಗ ಇದಕ್ಕೆ ಸೂಜಿ ಚುಚ್ಚಿದ್ರೆ ಒಂದು ಸಲ ಪಟ್ಟೆ ಮೇಲೆ, ಮಡಚಿದ ಕಡೆ ಪಟ್ಟೆ ಕೆಳಗೆ. ನಮ್ಮ ಸುರಂಗ ಆ ಸೂಜಿ" ಎಂದೆ.

ಮಾವ ಕಂಬಳಿಯ ಮಡಿಕೆಗೆ ಬೆರಳು ಚುಚ್ಚಿ ನೋಡಿದ. "ಅಂದ್ರೆ ಬೆಟ್ಟ ಅನ್ನೋದು ಬಸ್ಸಲ್ಲಿ ಸೀಟು ಸಾಲ್ದೆ ಎದ್ದು ನಿಂತವರ ಹಾಗೆ" ಎಂದ. ಆಮೇಲೆ, "ಕಂಬಳಿ ನೀವೇ ಮಡಚಿಡಿ, ನಂಗೆ ಬೆನ್ನು ಬಗ್ಗಲ್ಲ."

ಅವನಿಗೆ ಅರ್ಥವಾಯಿತು, ಚೀಫ್‌ಗೆ ಆಗಲಿಲ್ಲ. ಮುಂದಕ್ಕೆ ಸಣ್ಣ ತೂತು ಕೊರೆದು ನೀರಿದೆಯೇ ಎಂದು ನೋಡೋಣ ಎಂದರೆ ಒಂದೂವರೆ ದಿನ ಕೆಲಸ ನಿಲ್ಲುತ್ತದಂತೆ. "ನಿಮ್ಮ ಮೇಷ್ಟ್ರು ಬೆಟ್ಟ ಹತ್ತಿ ಅಳೆದು ಬರ್ದಿದಾರೆ. ನೀವು ತಿಂಗಳ ಹಿಂದೆ ಬಂದವರು. ಅವರಿಗಿಂತ ನೀವು ಹೆಚ್ಚಾ?" ಎಂದು ಕೇಳಿದರು. ಹೆಚ್ಚಲ್ಲ ಎಂದೆ.

ಆ ಪುಟ ಸಿಕ್ಕರೆ ಸಾಕು. ಅಮ್ಮಾವ್ರಿಗೆ ಹೇಳಿ ಪೆಟ್ಟಿಗೆ ಇಳಿಸಿಸಿ.

ಸುತ್ತಿಗೆ


ಮನೆಯಿಂದ, ಏಪ್ರಿಲ್ ೧

ಪೆಟ್ಟಿಗೆ ಇಳಿಸಿ ನೋಡಿಸಿದೆ. ಆ ವರ್ಷದ ನೋಟ್‌ಬುಕ್ಕು ನೀರು ಕುಡಿದು ಹಾಳಾಗಿದೆ, ಓದಲು ಬರುವಂತಿಲ್ಲ. ನಕ್ಷೆಯಲ್ಲಿ ಇರುವುದನ್ನು ನಂಬಿ ಮುಂದುವರಿಯಬಹುದು. ನನಗೆ ಹುಷಾರಿಲ್ಲ, ಇನ್ನು ಈ ವಿಷಯ ಬೇಡ.


ಕ್ಯಾಂಪು, ಏಪ್ರಿಲ್ ೯

ಮೇಷ್ಟ್ರೇ,

ನಿಮಗೆ ಹುಷಾರಿಲ್ಲದಾಗ ಪೀಡಿಸಿದೆ. ಮನಸ್ಸಿಗೆ ಹಾಕಿಕೊಳ್ಳಬೇಡಿ.

ನಿಮ್ಮ ಕಾಗದ ಬಂದ ದಿನ ಚೀಫ್ ಕರೆಸಿದರು. ಮುಂದಿನ ನೂರು ಮೀಟರಿಗೆ ತೂತು ಕೊರೆದು ನೋಡುವ ಅಗತ್ಯವಿಲ್ಲ ಎಂಬ ಹಾಳೆ ಮೇಜಿನ ಮೇಲಿತ್ತು. ಅದಕ್ಕೆ ನನ್ನ ಸಹಿ ಬೇಕು. ತಿಂಗಳಿಂದ ಆ ಸಹಿ ಹಾಕದೆ ಎಳೆದಾಡಿದ್ದೆ. ನಿಮ್ಮ ನಾಲ್ಕು ಸಾಲು ಜೇಬಿನಲ್ಲಿತ್ತು. ಸಹಿ ಹಾಕಿದೆ.

ನಿಜ ಹೇಳುತ್ತೇನೆ, ಹಗುರಾಯಿತು. ನನ್ನ ಕಣ್ಣು ಒಂದು ಹೇಳುತ್ತದೆ, ನೀವು ಒಂದು ಹೇಳುತ್ತೀರಿ. ಅವೆರಡರ ನಡುವೆ ದಿನಾ ನಿಂತು ನಿಂತು ಸೋತು ಹೋಗಿದ್ದೆ. ನೀವು ನೋಡಿದ್ದೀರಿ, ಅಷ್ಟು ಸಾಕು. ಸಾವಿರದ ಮುನ್ನೂರ ಅರವತ್ತಾರು ಮೀಟರ್ ಆಯಿತು, ದಿನಕ್ಕೆ ಮೂರು ಮೀಟರ್ ಸಾಗುತ್ತಿದೆ. ಈಗ ಕಲ್ಲಿನ ಮುಖ ತೊಳೆಸಿ ನೋಡುವುದನ್ನೂ ಬಿಟ್ಟಿದ್ದೇನೆ. ಮಾವ ಮಾತ್ರ ನನ್ನ ಜೊತೆ ಮಾತಾಡುತ್ತಿಲ್ಲ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳಿ.

ಸುತ್ತಿಗೆ


ಮನೆಯಿಂದ, ಏಪ್ರಿಲ್ ೧೮

ಮಗೂ,

ಕೆಲಸ ನಿಲ್ಲಿಸು. ಮಿಕ್ಕಿದ್ದನ್ನು ಆಮೇಲೆ ಓದು.

ನಾನು ಆ ಹೆಗಲು ಹತ್ತಿಲ್ಲ. ಮೂರು ಅಳತೆಗಳನ್ನೂ ಎದುರಿನ ಕಣಿವೆಯಲ್ಲಿ ಕೂತು, ದುರ್ಬೀನಿನಲ್ಲಿ ನೋಡಿ, ಊಹಿಸಿ ಬರೆದೆ. 'ಅಂಗಾತ' ಎಂಬ ಗುರುತನ್ನು ಊರಿಗೆ ಬಂದು ನಕ್ಷೆಗೆ ಶಾಯಿ ಹಾಕುವಾಗ ಸೇರಿಸಿದೆ, ನಕ್ಷೆ ಪೂರ್ತಿಯಾಗಿ ಕಾಣಲೆಂದು. ನೋಟ್‌ಬುಕ್ಕು ನೀರು ಕುಡಿದಿಲ್ಲ. ಅದರ ಪುಟ ಈ ಲಕೋಟೆಯಲ್ಲೇ ಇದೆ. ನೋಡು, ಆ ತಾರೀಖಿನ ಕೆಳಗೆ ಏನೂ ಇಲ್ಲ. ನಿಮ್ಮ ಚೀಫ್‌ಗೆ ತೋರಿಸು, ಯಾರಿಗೆ ಬೇಕಾದರೂ ತೋರಿಸು.

ಒತ್ತಾಗಿ ಮಡಚಿದ ಪದರಗಳ ಎರಡು ಮಗ್ಗುಲುಗಳೂ ಒಂದೇ ದಿಕ್ಕಿಗೆ, ಒಂದೇ ಕೋನದಲ್ಲಿ ವಾಲಿರುತ್ತವೆ. ದೂರದಿಂದ ಅದನ್ನು ನೆಟ್ಟಗಿನ ರಾಶಿಯಿಂದ ಬೇರೆ ಮಾಡಲು ಯಾರಿಗೂ ಆಗದು. ಹತ್ತಿರ ಹೋಗಿ ಕಾಳು ನೋಡಬೇಕು. ಇದನ್ನೇ ಮೂವತ್ತು ವರ್ಷ ಪಾಠ ಮಾಡಿದೆ.

ನೀನು ಹರಿದ ಪುಟದ ಬಗ್ಗೆ ಬರೆದಾಗ ನಿನಗೆ ಎಲ್ಲ ತಿಳಿದುಹೋಗಿದೆ, ಚುಚ್ಚುತ್ತಿದ್ದೀಯ ಎಂದುಕೊಂಡೆ. ನಿಜವಾಗಿಯೂ ಕೃತಜ್ಞತೆಯಿಂದ ಬರೆದಿದ್ದೆ ಎಂದು ಇವತ್ತಿನ ಕಾಗದ ಓದಿದ ಮೇಲೆ ಹೊಳೆಯಿತು. ಅದು ಚುಚ್ಚುಮಾತಾಗಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆಯಿಂದ ನಮ್ಮವಳು ನಿಮ್ಮ ಆಫೀಸಿಗೆ ಮೂರು ಸಲ ಫೋನು ಮಾಡಿದಳು. "ಮೇಡಂ ಒಳಗಿದಾರೆ, ಹೇಳ್ತೀವಿ" ಎಂದರಂತೆ. ಹೇಳಿದರೋ ಇಲ್ಲವೋ ತಿಳಿಯದು. ಅವಳು ನನ್ನ ಮುಖ ನೋಡದೆ ಫೋನಿನ ಪಕ್ಕದಲ್ಲೇ ಕೂತಿದ್ದಾಳೆ.

ಯಾಕೆ ಹತ್ತಲಿಲ್ಲ ಎಂದು ಈಗ ಕೇಳಬೇಡ.

ಮೇಷ್ಟ್ರು


ಮನೆಯಿಂದ, ಮೇ ೧೧

ಮಗೂ,

ಇಪ್ಪತ್ತಮೂರು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ಪೇಪರಿನಲ್ಲಿ ಐದು ಸಾಲು ಬಂದಿತ್ತು: ಸುರಂಗದಲ್ಲಿ ನೀರು ನುಗ್ಗಿತು, ಒಬ್ಬರಿಗೆ ಗಾಯ. ಒಬ್ಬರು ಯಾರೆಂದು ಬರೆದಿಲ್ಲ. ಆಫೀಸಿನ ಫೋನು ಯಾರೂ ಎತ್ತುತ್ತಿಲ್ಲ.

ಬೈದು ಬರೆ, ಪರವಾಗಿಲ್ಲ. ಬರೆ.


ಕ್ಯಾಂಪು, ಜೂನ್ ೨

ಮೇಷ್ಟ್ರಿಗೆ,

ಗಾಯವಾದದ್ದು ನನಗಲ್ಲ. ಮಾವನಿಗೆ.

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟು. ಆಮೇಲೆ ಸಿಟ್ಟು ಮಾಡುವುದಕ್ಕೂ ತ್ರಾಣವಿರಲಿಲ್ಲ. ನೀರು ಎತ್ತುವ ಪಂಪುಗಳ ಸದ್ದಿನಲ್ಲಿ ಮಲಗುವುದು, ಏಳುವುದು, ಮತ್ತೆ ಪಂಪು ನೋಡುವುದು. ಈಗ ನಡೆದದ್ದನ್ನು ಹೇಳುತ್ತೇನೆ.

ಏಪ್ರಿಲ್ ಹದಿನೆಂಟರ ಸಂಜೆ ಪಾಳಿ ಮುಗಿಸಿ ಹೊರಗೆ ಬಂದೆ. ಆಫೀಸಿನ ಗುಮಾಸ್ತ ಒಂದು ಚೀಟಿ ಕೊಟ್ಟ. 'ಮೇಷ್ಟ್ರ ಮನೆಯಿಂದ ಫೋನ್. ಕೆಲಸ ನಿಲ್ಲಿಸಬೇಕಂತೆ. ಅವರು ಹತ್ತಿಲ್ಲವಂತೆ.' ಏನನ್ನು ಹತ್ತಿಲ್ಲ ಎಂದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿಯಿತು.

ಚೀಫ್ ಕೋಣೆಗೆ ಹೋದೆ. ಅವರು ಚೀಟಿ ಓದಿ ನಕ್ಕರು. "ಕಿವಿ ಕೇಳಿಸದ ಮುದುಕರು ಹೆಂಡತಿ ಕೈಲಿ ಫೋನ್ ಮಾಡಿಸ್ತಾರೆ, ಅದಕ್ಕೆ ನಾನು ಮುನ್ನೂರು ಜನರ ಕೆಲಸ ನಿಲ್ಲಿಸ್ಲಾ?"

ಕಡತದಿಂದ ಆ ಹಾಳೆ ತೆಗೆದು ನನ್ನ ಸಹಿಯ ಮೇಲೆ ಗೀಟು ಹಾಕಿದೆ. "ಈಗ ಸಹಿ ಇಲ್ಲ ಸರ್. ಸಹಿ ಇಲ್ದೆ ಮುಂದಕ್ಕೆ ಕಲ್ಲು ಸ್ಫೋಟ ಮಾಡೋ ಹಾಗಿಲ್ಲ" ಎಂದೆ. ನನ್ನ ಕೆಲಸ ಕಳೆಯುವುದಾಗಿ ಹೇಳಿದರು. ಕಳೆಯಿರಿ ಎಂದೆ. ಕೊನೆಗೆ, "ಒಂದು ತೂತು. ನಾಳೆ ಮಧ್ಯಾಹ್ನದೊಳಗೆ ಮುಗೀಬೇಕು" ಎಂದರು.

ಬೆಳಿಗ್ಗೆ ಮಾವ ಯಂತ್ರ ಹತ್ತಿದ. ಹತ್ತು ದಿನದ ಮೇಲೆ ಮೊದಲ ಮಾತು: "ಕಂಬಳಿ ತೋರಿಸಿದವರು ನೀವೇ, ಸಹಿ ಹಾಕಿದವರೂ ನೀವೇ. ಎರಡರಲ್ಲಿ ಯಾವುದು ಸುಳ್ಳು?" ನಾನು "ಸಹಿ" ಎಂದೆ. ತಲೆಯಾಡಿಸಿ ಕೊರೆಯಲು ಶುರುಮಾಡಿದ.

ತೂತಿನ ಬಾಯಿಗೆ ನೀರು ತಡೆಯುವ ಕವಾಟ ಕಟ್ಟಬೇಕಿತ್ತು. ಅದು ಉಗ್ರಾಣದಲ್ಲಿತ್ತು, ತರಿಸಲು ಮೂರು ಗಂಟೆ. ಮಧ್ಯಾಹ್ನದ ಗಡುವು ತಲೆಯಲ್ಲಿತ್ತು. ಬೇಡ, ಶುರುಮಾಡಿ ಎಂದವಳು ನಾನು. ಇದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಒಂಬತ್ತನೇ ಮೀಟರಿಗೆ ತೂತಿನಿಂದ ಕರಿ ಕೆಸರು ಬಂತು. ಕರಿ ಜೇಡಿಕಲ್ಲು. ಇಪ್ಪತ್ತೊಂದನೇ ಮೀಟರಿಗೆ ಒಳಗಿನಿಂದ ಯಾರೋ ಒದ್ದ ಹಾಗೆ ಕಬ್ಬಿಣದ ಸರಳು ಹಿಂದಕ್ಕೆ ಹಾರಿ ಮಾವನ ಬಲಭುಜಕ್ಕೆ ಬಡಿಯಿತು. ತೂತು ಮುಷ್ಟಿಯಷ್ಟು. ಅದರಿಂದ ಬಂದ ನೀರು ಎದುರಿನ ಗೋಡೆಯ ಸಿಮೆಂಟನ್ನು ಕಿತ್ತು ಹಾಕಿತು. ಮಾವನನ್ನು ಇಬ್ಬರು ಎತ್ತಿಕೊಂಡರು. ಮೊಣಕಾಲು, ಆಮೇಲೆ ಸೊಂಟದವರೆಗಿನ ನೀರಿನಲ್ಲಿ ಸಾವಿರದ ನಾನೂರು ಮೀಟರ್ ನಡೆದು ಇಪ್ಪತ್ತಾರು ಜನ ಹೊರಗೆ ಬಂದೆವು. ನಾನು ಹಿಂದಿನಿಂದ ಎಣಿಸುತ್ತಾ ಬಂದೆ.

ಇನ್ನೊಂದು ವಾರ ಸ್ಫೋಟ ಮಾಡುತ್ತಾ ಹೋಗಿದ್ದರೆ ಮುಷ್ಟಿಯಷ್ಟು ತೂತಿನ ಬದಲು ಕಲ್ಲಿನ ಇಡೀ ಮುಖವೇ ಒಡೆಯುತ್ತಿತ್ತು. ಆಗ ಎಣಿಸಲು ಯಾರೂ ಇರುತ್ತಿರಲಿಲ್ಲ.

ಮಾವನ ಕೈ ಇದೆ. ಆದರೆ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಇನ್ನು ಏಳುವುದೂ ಇಲ್ಲ ಎಂದರು ಡಾಕ್ಟರು.

ನಿಮ್ಮ ಕಾಗದ ಇಪ್ಪತ್ತೇಳಕ್ಕೆ ತಲುಪಿತು. ಆ ಖಾಲಿ ಪುಟ ನನ್ನ ಪೆಟ್ಟಿಗೆಯಲ್ಲಿದೆ. ಹದಿನಾಲ್ಕಕ್ಕೆ ವಿಚಾರಣೆಯ ಸಮಿತಿ ಬರುತ್ತದೆ. ನಕ್ಷೆ ಯಾಕೆ ತಪ್ಪಾಯಿತು ಎಂದು ಕೇಳುತ್ತಾರೆ. 'ಮಡಿಕೆ ಒತ್ತಾಗಿತ್ತು, ಆ ಕಾಲದಲ್ಲಿ ಗುರುತಿಸುವುದು ಕಷ್ಟ' ಎಂದು ಒಂದು ಸಾಲು ಬರೆದರೆ ಎಲ್ಲರೂ ಒಪ್ಪುತ್ತಾರೆ. ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ. ಏನು ಮಾಡಲಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಆ ಪುಟ ಕೊಡುತ್ತೇನೆ. ಮೊದಲೇ ಹೇಳಬೇಕೆನಿಸಿತು.

ಸುತ್ತಿಗೆ


ಮನೆಯಿಂದ, ಜೂನ್ ೨೭

ಮಗೂ,

ವಿಚಾರಣೆಯ ಸುದ್ದಿ ಪೇಪರಿನಲ್ಲಿ ನೋಡಿ, ನಿನ್ನ ಕಾಗದ ಬರುವುದಕ್ಕೆ ಮೊದಲೇ ನಾನು ಸಮಿತಿಗೆ ಬರೆದಿದ್ದೆ. ನೀನು ಕೊಟ್ಟ ಪುಟವೂ ಸೇರಿತು. ಮೊನ್ನೆ ನನ್ನನ್ನು ಕರೆಸಿದರು. ನಮ್ಮವಳು ಜೊತೆಗೆ ಬಂದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ, ಆದರೆ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟಳು.

ಉದ್ದನೆಯ ಮೇಜು, ಐದು ಜನ. ಇಬ್ಬರು ನನ್ನ ಹತ್ತಿರವೇ ಓದಿದವರು, ತಲೆ ತಗ್ಗಿಸಿ ಕೂತಿದ್ದರು. ಅಧ್ಯಕ್ಷರು ಪ್ರಶ್ನೆ ಕೇಳಿದರು. ನಮ್ಮವಳು ತುಟಿ ಕಾಣುವಂತೆ ನನ್ನ ಕಡೆ ತಿರುಗಿ, "ಯಾಕೆ ಹತ್ತಲಿಲ್ಲ ಅಂತ ಕೇಳ್ತಿದಾರೆ" ಎಂದಳು.

"ಸಾಕಾಗಿತ್ತು" ಎಂದೆ.

ನನಗೆ ಪ್ರಶ್ನೆ ಸರಿಯಾಗಿ ಕೇಳಿಸಿಲ್ಲ ಎಂದುಕೊಂಡರು. ಅಧ್ಯಕ್ಷರು ಎದ್ದು ಬಂದು ಕೂಗಿದರು. ಆಮೇಲೆ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರು: 'ಅನಾರೋಗ್ಯವೇ? ಹವಾಮಾನವೇ? ದಾರಿ ಅಪಾಯಕರವಾಗಿತ್ತೇ?' ಪಾಪ, ಒಳ್ಳೆಯವರು. ನನಗೆ ಮೂರು ಬಾಗಿಲು ತೆರೆದಿಟ್ಟಿದ್ದರು.

ಹವೆ ಚೆನ್ನಾಗಿತ್ತು, ಮಗೂ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಜ್ವರವಿರಲಿಲ್ಲ. ದಾರಿಯೂ ಅಂಥ ಕಷ್ಟದ್ದಲ್ಲ, ನಾಲ್ಕು ಗಂಟೆಯ ಏರು. ಆ ಬೆಟ್ಟದಲ್ಲಿ ಐದು ತಿಂಗಳು ಅಲೆದಿದ್ದೆ, ಅದೊಂದು ಬಿಟ್ಟರೆ ಎಲ್ಲ ಮುಗಿದಿತ್ತು. ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದೆ. ಕಟ್ಟಲಿಲ್ಲ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ನಲವತ್ತೊಂದು ವರ್ಷ ಹುಡುಕಿದೆ. ಇರಲಿಲ್ಲ.

ಅವರ ಪೆನ್ನು ತೆಗೆದುಕೊಂಡು ಪ್ರಶ್ನೆಯ ಕೆಳಗೆ 'ಸಾಕಾಗಿತ್ತು' ಎಂದು ಬರೆದು ಸಹಿ ಹಾಕಿದೆ. ನಮ್ಮವಳು ಓದಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದುಕೊಂಡಳು. ಬಿದ್ದೀನೆಂದು ಹಿಡಿದಳೋ, ಬೇರೆ ಕಾರಣವೋ, ನಾನು ಕೇಳಲಿಲ್ಲ.

ನನ್ನ ಹೆಸರಿನ ನಕ್ಷೆಗಳನ್ನೆಲ್ಲ ಮತ್ತೆ ಪರೀಕ್ಷಿಸುತ್ತಾರಂತೆ. ಪರೀಕ್ಷಿಸಲಿ. ಉಳಿದವು ಸರಿಯಿವೆ ಎಂದು ಹೇಳುವ ಹಕ್ಕು ನನಗಿಲ್ಲ.

ಆ ಮೇಸ್ತ್ರಿಗೆ ಏನು ಬರೆಯಲಿ? ನಾಲ್ಕು ಹಾಳೆ ಹರಿದೆ.

ಮೇಷ್ಟ್ರು


ಕ್ಯಾಂಪು, ಜುಲೈ ೬

ಮೇಷ್ಟ್ರೇ,

ಸುರಂಗದ ದಾರಿ ಬದಲಾಗುತ್ತದೆ. ಸುಣ್ಣಕಲ್ಲು ತೆಳ್ಳಗಿರುವ ಕಡೆಯಿಂದ ದಾಟಿಸುತ್ತಾರೆ, ಎರಡು ವರ್ಷ ಹೆಚ್ಚು ಹಿಡಿಯುತ್ತದೆ. ಚೀಫ್ ಬೇರೆ ಕಡೆಗೆ ಹೋದರು. ಕವಾಟವಿಲ್ಲದೆ ಕೊರೆಸಿದ್ದಕ್ಕೆ ನನಗೂ ಛೀಮಾರಿ ಬಂದಿದೆ, ಕೆಲಸ ಉಳಿದಿದೆ. ಮಾವನಿಗೆ ಇಲ್ಲೇ ಉಗ್ರಾಣದಲ್ಲಿ ಕೂರುವ ಕೆಲಸ ಕೊಟ್ಟಿದ್ದಾರೆ. ಕೂತು ಕೂತು ಇನ್ನೂ ಜೋರಾಗಿ ಗೊಣಗುತ್ತಾನೆ.

ನಿಮ್ಮ ಕಾಗದವನ್ನು ಅವನಿಗೆ ಓದಿ ಹೇಳಿದೆ. ಬೂಟಿನ ದಾರದ ಮಾತು ಬಂದಾಗ ತಡೆದ. "ಇನ್ನೊಂದ್ಸಲ ಓದಿ" ಎಂದ. ಓದಿದೆ. ಬಹಳ ಹೊತ್ತು ಎಡಗೈಯಿಂದ ಬಲಭುಜ ಉಜ್ಜುತ್ತಾ ಕೂತಿದ್ದ.

ನನಗೆ ಹತ್ತು ದಿನ ರಜೆ ಸಿಕ್ಕಿದೆ. ಮೊದಲ ಎರಡು ದಿನ ಬರೀ ಮಲಗಿದ್ದೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಸುಳ್ಳು ಬರೆಯುವುದು ಬೇಡವೆಂದು ಬಿಟ್ಟೆ. ಆದರೆ ಮಂಗಳವಾರದ ಬಸ್ಸಿಗೆ ಹೊರಡುತ್ತೇನೆ.

ಮಾವನೂ ಬರುತ್ತಾನೆ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಬೈಯುವುದಿದೆಯಂತೆ. "ಅವರಿಗೆ ಕಿವಿ ಕೇಳಿಸಲ್ಲ ಮಾವ" ಎಂದೆ.

"ಪರವಾಗಿಲ್ಲ, ಮೂವತ್ತು ವರ್ಷ ಡ್ರಿಲ್ ಪಕ್ಕದಲ್ಲಿ ನಿಂತು ಮಾತಾಡಿದವನು ನಾನು. ಕೇಳಿಸ್ತೀನಿ" ಎಂದ.

ಮೂರನೇ ಮಹಡಿ ಎಂದು ಅವನಿಗೆ ಹೇಳಿದ್ದೇನೆ. ನಿಧಾನವಾಗಿ ಹತ್ತುತ್ತೇವೆ.

ಸುತ್ತಿಗೆ